ಗ್ಲಾಸ್ಗೋದವರಿಗೂ ಇಂಗ್ಲಿಷ್ ಪರೀಕ್ಷೆ

ಕಳೆದ ವರ್ಷ ಮೇ ತಿಂಗಳ ಒಂದು ಶನಿವಾರ ಬೆಳಗ್ಗೆ, ಮೆಲ್ಬರ್ನಿನ ನಮ್ಮ ಮನೆಯ ಊಟದ ಮೇಜಿನ ಮುಂದೆ ಕುಳಿತು, ಅರಸೀಕೆರೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಾನು, ಗ್ಲಾಸ್ಗೋದಲ್ಲಿ ಹುಟ್ಟಿ ಬೆಳೆದ ನನ್ನ ಸಹೋದ್ಯೋಗಿಯೊಬ್ಬರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದನ್ನು ಹೇಳಿಕೊಟ್ಟೆ. ಅವರು ನನಗಿಂತ ಹಿರಿಯ ಸಿವಿಲ್ ಎಂಜಿನಿಯರ್. ಕಚೇರಿಯಲ್ಲಿ ನಾನು ಬರೆದ ವರದಿಗಳನ್ನು ತಿದ್ದುವವರೇ ಅವರು. ಆ ದಿನ ಮಾತ್ರ ಕೆಂಪು ಪೆನ್ನು ನನ್ನ ಕೈಯಲ್ಲಿತ್ತು.

ಈ ಸಂಗತಿಯನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ನಂಬಲಿಲ್ಲ. "ಅದು ಅವರದ್ದೇ ಭಾಷೆ ಅಲ್ವೇನೆ, ಅವರಿಗ್ಯಾಕೆ ಪರೀಕ್ಷೆ?" ಎಂದು ಕೇಳಿದರು. ಊರಿನಿಂದ ಆಸ್ಟ್ರೇಲಿಯಾಕ್ಕೋ ಕೆನಡಾಕ್ಕೋ ಬರಬೇಕೆಂದು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಪುಸ್ತಕ ಹಿಡಿದು ಕುಳಿತಿರುವ ಎಷ್ಟೋ ಮಂದಿಗೂ, ಈ ಪರೀಕ್ಷೆ ಇರುವುದು ನಮ್ಮಂಥವರಿಗೆ ಮಾತ್ರ ಎಂಬ ಭಾವನೆಯಿದೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದ್ದರಿಂದ ಅವರಿಗೆ ಪರೀಕ್ಷೆ ಏಕೆ ಬಂತೆಂಬುದನ್ನು ಮೊದಲು ವಿವರಿಸುತ್ತೇನೆ.

ಆಸ್ಟ್ರೇಲಿಯಾದಲ್ಲಿ ನುರಿತ ಕೆಲಸಗಾರರಿಗೆ ಅಂಕಗಳ ಆಧಾರದ ಮೇಲೆ ಕೊಡುವ ವೀಸಾಗಳನ್ನು ಇಲ್ಲಿನವರು 189, 190, 491 ಎಂಬ ಸಂಖ್ಯೆಗಳಿಂದಲೇ ಕರೆಯುತ್ತಾರೆ. ಕನಿಷ್ಠ 65 ಅಂಕಗಳಿರಬೇಕು. ವಯಸ್ಸು, ಪದವಿ, ಅನುಭವ, ಸಂಗಾತಿಯ ಅರ್ಹತೆ ಎಲ್ಲಕ್ಕೂ ಇಂತಿಷ್ಟು ಎಂದು ಅಂಕ. ಇಂಗ್ಲಿಷಿಗೆ ಮೂರು ಮೆಟ್ಟಿಲುಗಳು. ಐಇಎಲ್‌ಟಿಎಸ್‌ನ ನಾಲ್ಕೂ ವಿಭಾಗಗಳಲ್ಲಿ 6 ಬಂದರೆ 'ಕಾಂಪಿಟೆಂಟ್', ಅರ್ಜಿ ಹಾಕಲು ಅರ್ಹತೆ ಸಿಗುತ್ತದೆ, ಅಂಕ ಸೊನ್ನೆ. ನಾಲ್ಕರಲ್ಲೂ 7 ಬಂದರೆ 'ಪ್ರೊಫಿಶಿಯೆಂಟ್', 10 ಅಂಕ. ನಾಲ್ಕರಲ್ಲೂ 8 ಬಂದರೆ 'ಸುಪೀರಿಯರ್', 20 ಅಂಕ. ಬ್ರಿಟನ್, ಐರ್ಲೆಂಡ್, ಅಮೆರಿಕ, ಕೆನಡಾ, ನ್ಯೂಜಿಲೆಂಡ್ ಈ ಐದು ದೇಶಗಳ ಪಾಸ್‌ಪೋರ್ಟ್ ಇದ್ದವರನ್ನು ಪರೀಕ್ಷೆಯಿಲ್ಲದೆ ಮೊದಲ ಮೆಟ್ಟಿಲಿನ ಮೇಲೆ ನಿಲ್ಲಿಸುತ್ತಾರೆ. ಅದಕ್ಕಿಂತ ಮೇಲಕ್ಕೆ ಹತ್ತಬೇಕಾದರೆ ಯಾವ ದೇಶದವರೇ ಆಗಲಿ, ಪರೀಕ್ಷೆ ಬರೆಯಲೇಬೇಕು.

ಸಹೋದ್ಯೋಗಿಯ ಲೆಕ್ಕ ಹೀಗಿತ್ತು. ವಯಸ್ಸು 41, ಅದಕ್ಕೆ 15, ಪದವಿಗೆ 15, ತಾಯ್ನಾಡಿನಲ್ಲಿ ಎಂಟು ವರ್ಷಕ್ಕೂ ಹೆಚ್ಚು ದುಡಿದದ್ದಕ್ಕೆ 15, ಇಲ್ಲಿನ ಒಂದೂವರೆ ವರ್ಷದ ಕೆಲಸಕ್ಕೆ 5. ಹೆಂಡತಿಗೆ 'ಕಾಂಪಿಟೆಂಟ್' ಇಂಗ್ಲಿಷ್ ಇದೆಯೆಂದು ಇನ್ನೊಂದು 5, ಅದೂ ಆಕೆಯ ಬ್ರಿಟಿಷ್ ಪಾಸ್‌ಪೋರ್ಟ್ ತೋರಿಸಿದ್ದಕ್ಕೆ. ಒಟ್ಟು 55. ಹೆಂಡತಿಯ ಇಂಗ್ಲಿಷಿಗೆ ಐದು ಅಂಕ ಕೊಟ್ಟ ನಿಯಮವೇ ಗಂಡನ ಇಂಗ್ಲಿಷಿಗೆ ಸೊನ್ನೆ ಕೊಟ್ಟಿತೆಂದು ಅವರು ಊಟದ ವಿರಾಮದಲ್ಲಿ ನಗುತ್ತಾ ಹೇಳಿದ್ದರು. "ಪರೀಕ್ಷೆ ತಾನೇ, ಬರೆದರಾಯಿತು" ಎಂದು ನಾಲ್ಕು ನೂರು ಡಾಲರಿಗೂ ಹೆಚ್ಚು ಶುಲ್ಕ ಕಟ್ಟಿ, ಒಂದೇ ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನೂ ತಿರುವಿ ನೋಡದೆ ಹೋದರು.

ಫಲಿತಾಂಶ ಬಂದಾಗ ನಗು ಇರಲಿಲ್ಲ. ಆಲಿಸುವುದರಲ್ಲಿ 9, ಮಾತನಾಡುವುದರಲ್ಲಿ 9, ಓದುವುದರಲ್ಲಿ 7.5, ಬರೆಯುವುದರಲ್ಲಿ 6.5. ಸರಾಸರಿ 8 ಆದರೂ ಈ ವೀಸಾಕ್ಕೆ ಸರಾಸರಿಯನ್ನು ಯಾರೂ ಕೇಳುವುದಿಲ್ಲ. ನಾಲ್ಕರಲ್ಲಿ ಅತಿ ಕಡಿಮೆ ಯಾವುದೋ ಅದೇ ಲೆಕ್ಕ. ಒಂದರಲ್ಲಿ 7ಕ್ಕಿಂತ ಕೆಳಗಿಳಿದದ್ದರಿಂದ ಮತ್ತೆ ಸೊನ್ನೆ. ಅವರು ಮಾಡಿದ ಮೊದಲ ಕೆಲಸವೆಂದರೆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, "ನಿಮಗೆ ಎಷ್ಟು ಬಂದಿತ್ತು?" ಎಂದು ಕೇಳಿದ್ದು. ನನಗೆ ಬರವಣಿಗೆಯಲ್ಲಿ ಮೊದಲ ಸಲ 7.5, ಎರಡನೆಯ ಸಲ 8 ಬಂದಿತ್ತೆಂದು ಹೇಳಲು ಸ್ವಲ್ಪ ಸಂಕೋಚವೇ ಆಯಿತು, ಒಳಗೊಳಗೆ ಸ್ವಲ್ಪ ಹಿಗ್ಗೂ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಅವರು ಎಡವಿದ್ದು ಎಲ್ಲಿ ಎಂಬುದು ಆ ಶನಿವಾರ ನಮ್ಮ ಮೇಜಿನ ಮೇಲೆ, ಅವಲಕ್ಕಿ ತಟ್ಟೆಗಳ ನಡುವೆ, ಒಂದೊಂದಾಗಿ ತಿಳಿಯಿತು. ಪತ್ರದ ಪ್ರಶ್ನೆಯಲ್ಲಿ ಮೂರು ಅಂಶಗಳನ್ನು ಕೊಟ್ಟಿರುತ್ತಾರೆ, ಮೂರನ್ನೂ ಮುಟ್ಟಬೇಕು. ಬಾಡಿಗೆ ಮನೆಯ ಹೀಟರ್ ಕೆಟ್ಟಿದೆಯೆಂದು ಮಾಲೀಕರಿಗೆ ಬರೆಯಿರಿ, ತೊಂದರೆ ಏನೆಂದು ವಿವರಿಸಿ, ಅದರಿಂದ ಏನಾಯಿತೆಂದು ಹೇಳಿ, ಏನು ಮಾಡಬೇಕೆಂದು ಸೂಚಿಸಿ ಎಂಬ ಪ್ರಶ್ನೆಯನ್ನು ನಾನು ಕೊಟ್ಟೆ. ಅವರು ಹತ್ತು ನಿಮಿಷದಲ್ಲಿ ಬರೆದ ಪತ್ರ ಎಷ್ಟು ಚೆನ್ನಾಗಿತ್ತೆಂದರೆ, ಆ ಚಳಿಯ ವರ್ಣನೆ ಓದಿ ನಾನು ನಿಜವಾಗಿ ನಕ್ಕುಬಿಟ್ಟೆ. ಆದರೆ ಮಾಲೀಕರು ಏನು ಮಾಡಬೇಕೆಂಬುದನ್ನು ಅವರು ಎಲ್ಲಿಯೂ ಬರೆದಿರಲಿಲ್ಲ. "ಅದು ಹೇಳದೆಯೇ ಗೊತ್ತಾಗುವುದಿಲ್ಲವೇ? ಬಂದು ರಿಪೇರಿ ಮಾಡಿಸಬೇಕು, ಅಷ್ಟೇ ತಾನೇ?" ಎಂಬುದು ಅವರ ವಾದ. ಹೇಳದೆಯೇ ಗೊತ್ತಾಗುವುದಕ್ಕೆ ಪರೀಕ್ಷಕರು ಅಂಕ ಕೊಡುವುದಿಲ್ಲ.

ನನಗೆ ಇದು ಗೊತ್ತಿದ್ದದ್ದು ಇಂಗ್ಲಿಷ್ ಚೆನ್ನಾಗಿ ಬಂದದ್ದರಿಂದ ಅಲ್ಲ. ಏಳನೆಯ ತರಗತಿಯಲ್ಲಿ ಕನ್ನಡ ಮೇಷ್ಟರು ಪತ್ರಲೇಖನವನ್ನು ಕಲಿಸಿದ್ದೇ ಹಾಗೆ: ಇಂದ, ಇವರಿಗೆ, ಮಾನ್ಯರೇ, ವಿಷಯ, ಕೊನೆಗೆ 'ಇಂತಿ ತಮ್ಮ ವಿಶ್ವಾಸಿ'. ನಮ್ಮ ಬಡಾವಣೆಗೆ ನೀರಿನ ವ್ಯವಸ್ಥೆ ಮಾಡಿಕೊಡಬೇಕೆಂದು ಪುರಸಭೆಯ ಮುಖ್ಯಾಧಿಕಾರಿಗಳಿಗೆ ನಾನು ಬರೆದ ಕಾಲ್ಪನಿಕ ಪತ್ರಗಳಿಗೆ ಲೆಕ್ಕವಿಲ್ಲ. ವಿಷಯದ ಸಾಲು ಬಿಟ್ಟರೆ ಅರ್ಧ ಅಂಕ, ಕೋರಿಕೆ ಬಿಟ್ಟರೆ ಇನ್ನೊಂದು ಅಂಕ ಹೋಗುತ್ತಿತ್ತು. ಐಇಎಲ್‌ಟಿಎಸ್ ಪತ್ರದ ಮುಂದೆ ಕುಳಿತಾಗ ನನ್ನ ಕೈಗೆ ಬಂದದ್ದು ಆ ಅಭ್ಯಾಸವೇ.

ಓದುವ ವಿಭಾಗದ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ ಒಂದು ಹೇಳಿಕೆ ಕೊಟ್ಟು, ಅದು ಸರಿಯೋ, ತಪ್ಪೋ, ಅಥವಾ ಪಾಠದಲ್ಲಿ ಹೇಳಿಲ್ಲವೋ ಎಂದು ಕೇಳುವ ಪ್ರಶ್ನೆಗಳಿರುತ್ತವೆ. ಗ್ರಂಥಾಲಯವು ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 9 ಗಂಟೆಗೆ ತೆರೆಯುತ್ತದೆ ಎಂದು ಪಾಠದಲ್ಲಿದೆ ಎಂದುಕೊಳ್ಳಿ; ಶನಿವಾರ ಗ್ರಂಥಾಲಯಕ್ಕೆ ರಜೆ ಎಂಬುದು ಹೇಳಿಕೆ. ಸಹೋದ್ಯೋಗಿ ಯೋಚಿಸದೆ 'ಸರಿ' ಎಂದರು. ಉತ್ತರ 'ಹೇಳಿಲ್ಲ', ಶನಿವಾರ 10 ಗಂಟೆಗೆ ತೆರೆಯಬಹುದಲ್ಲ! ಭಾಷೆಯಲ್ಲಿಯೇ ಬೆಳೆದವರು ಸಾಲುಗಳ ನಡುವೆ ಇರುವುದನ್ನು ತಾವಾಗಿಯೇ ತುಂಬಿಕೊಂಡು ಓದುತ್ತಾರೆ, ಅದನ್ನೇ ನಾವು ಭಾಷೆ ಬಲ್ಲವರ ಲಕ್ಷಣ ಎನ್ನುವುದು. ಪದ ಪದಕ್ಕೆ ಬೆರಳಿಟ್ಟು ಓದಿ ಕಲಿತ ನನ್ನಂಥವರಿಗೆ ಇಲ್ಲಿ ಅನುಕೂಲವೇ ಹೆಚ್ಚು. ಬರವಣಿಗೆಯ ಎರಡನೆಯ ಭಾಗಕ್ಕೆ ಮೊದಲನೆಯದರ ಎರಡರಷ್ಟು ತೂಕ; ಅದರಲ್ಲಿ 250 ಪದಗಳ ಪ್ರಬಂಧದಲ್ಲಿ ಎರಡೂ ಪಕ್ಷಗಳನ್ನು ಚರ್ಚಿಸಿ ತಮ್ಮ ಅಭಿಪ್ರಾಯ ಹೇಳಬೇಕೆಂದಿದ್ದರೆ, ಇವರು ತಮಗೆ ಹಿಡಿಸಿದ ಪಕ್ಷವನ್ನಷ್ಟೇ ಹಿಡಿದು ಸೊಗಸಾಗಿ ವಾದಿಸಿ ಬಂದಿದ್ದರು.

ಹಾಗೆ ನೋಡಿದರೆ ನಮ್ಮ ರಾಜ್ಯದಲ್ಲಿಯೂ ಇದೇ ಇದೆ. ಎಸ್‌ಎಸ್‌ಎಲ್‌ಸಿಯಲ್ಲಿ 125 ಅಂಕಗಳ ಪ್ರಥಮ ಭಾಷೆ ಕನ್ನಡ ಪತ್ರಿಕೆಯಲ್ಲಿ, ಮನೆಯಲ್ಲಿ ಕನ್ನಡವನ್ನಲ್ಲದೆ ಬೇರೇನನ್ನೂ ಆಡದ ಮಕ್ಕಳು ಪ್ರತಿ ವರ್ಷ ನಪಾಸಾಗುತ್ತಾರೆ. ಮಾತಿಗೊಂದು ಗಾದೆ ಪೋಣಿಸುವ ನನ್ನ ಅಮ್ಮನನ್ನು ಕೂರಿಸಿ, ಸಂಧಿ ಬಿಡಿಸಿ ಹೆಸರಿಸಿ ಎಂದರೆ ಅವರ ಪಾಡೂ ಅಷ್ಟೇ.

ಆಸ್ಟ್ರೇಲಿಯಾದಲ್ಲಿ ಹೀಗಾದದ್ದು ನನ್ನ ಸಹೋದ್ಯೋಗಿಗೆ ಮೊದಲಲ್ಲ. 2017ರಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ಕೆಲಸ ಮಾಡುತ್ತಿದ್ದ, ಎರಡು ಪದವಿಗಳಿದ್ದ ಐರಿಷ್ ಪಶುವೈದ್ಯೆಯೊಬ್ಬರು ಪಿಟಿಇ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗದಲ್ಲಿ ತಮಗೆ ಬೇಕಿದ್ದ 79ರ ಬದಲು 74 ಪಡೆದು ಸುದ್ದಿಯಾಗಿದ್ದರು. ಐಇಎಲ್‌ಟಿಎಸ್‌ನಲ್ಲಿ ಮಾತು ಕೇಳುವವರು ಎದುರಿಗೆ ಕುಳಿತ ಮನುಷ್ಯರು. ಪಿಟಿಇಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅಕ್ಕಪಕ್ಕದ ಹತ್ತು ಮಂದಿಯೂ ಒಟ್ಟಿಗೆ ಗಟ್ಟಿಯಾಗಿ ಮಾತನಾಡುತ್ತಿರುವ ಕೋಣೆಯಲ್ಲಿ, ಕಂಪ್ಯೂಟರಿಗೆ ಹೇಳಬೇಕು. ಅಂಕ ಹಾಕುವುದೂ ಬಹುಪಾಲು ಯಂತ್ರವೇ.

ಇದೆಲ್ಲ ಅನ್ಯಾಯವೇ ಎಂದು ಯಾರಾದರೂ ಕೇಳಿದರೆ, ಇಂಗ್ಲಿಷ್ ತಾಯ್ನುಡಿಯವರಿಗೆ ಪರೀಕ್ಷೆ ಇಟ್ಟದ್ದು ಅನ್ಯಾಯವಲ್ಲ ಎಂದೇ ಹೇಳುತ್ತೇನೆ. ಕೆನಡಾದವರು ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ವ್ಯವಸ್ಥೆಯಲ್ಲಿ ಯಾವ ಪಾಸ್‌ಪೋರ್ಟಿಗೂ ರಿಯಾಯಿತಿ ಕೊಡುವುದಿಲ್ಲ. ಲಂಡನ್ನಿನವರಾಗಲಿ ಲಿಂಗಸುಗೂರಿನವರಾಗಲಿ, ಎರಡು ವರ್ಷದೊಳಗಿನ ಪರೀಕ್ಷೆಯ ಫಲಿತಾಂಶವನ್ನು ಲಗತ್ತಿಸಬೇಕು. ನನಗೆ ಸರಿಯೆನಿಸುವುದು ಅದೇ. ಇಲ್ಲಿ ನನಗೆ ಚುಚ್ಚುವುದು ಆ ಐದು ದೇಶಗಳ ಪಟ್ಟಿ. ಬೆಂಗಳೂರಿನ ವೈಟ್‌ಫೀಲ್ಡ್ ಹುಟ್ಟಿದ್ದೇ 1880ರ ದಶಕದಲ್ಲಿ, ಆಂಗ್ಲೋ-ಇಂಡಿಯನ್ನರ ನೆಲೆಯಾಗಿ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿಯೂ ಅವರ ದೊಡ್ಡ ಸಮುದಾಯವಿತ್ತು. ಎಷ್ಟೋ ತಲೆಮಾರುಗಳಿಂದ ಮನೆಯಲ್ಲಿ ಇಂಗ್ಲಿಷನ್ನೇ ಆಡಿಕೊಂಡು ಬಂದ ಕುಟುಂಬಗಳವು. ಅವರಲ್ಲಿ ಬಹಳ ಮಂದಿ ಆಸ್ಟ್ರೇಲಿಯಾಕ್ಕೆ ಬಂದು ನೆಲೆಸಿದ್ದಾರೆ. ಆದರೆ ಇಂದು ಅದೇ ಕುಟುಂಬದ ಹುಡುಗಿಯೊಬ್ಬಳು ಭಾರತದ ಪಾಸ್‌ಪೋರ್ಟ್ ಹಿಡಿದು ಅರ್ಜಿ ಹಾಕಿದರೆ, ಸೊನ್ನೆ ಅಂಕದ ಮೊದಲ ಮೆಟ್ಟಿಲನ್ನು ಹತ್ತುವುದಕ್ಕೂ ಪರೀಕ್ಷೆ ಬರೆಯಬೇಕು. ತಾಯ್ನುಡಿ ಯಾವುದೆಂಬುದನ್ನು ಇಲ್ಲಿ ಯಾರೂ ಕೇಳುವುದಿಲ್ಲ, ಪಾಸ್‌ಪೋರ್ಟ್ ಯಾವುದೆಂದು ಕೇಳುತ್ತಾರೆ.

ಈ ದೇಶಕ್ಕೆ ಭಾಷಾಪರೀಕ್ಷೆಯ ಹಳೆಯ ಚರಿತ್ರೆಯೊಂದಿದೆ, ಅದನ್ನು ನನಗೆ ಹೇಳಿದವರೂ ಈ ಸಹೋದ್ಯೋಗಿಯೇ. 1901ರ ವಲಸೆ ನಿರ್ಬಂಧ ಕಾಯ್ದೆಯ ಪ್ರಕಾರ ಅಧಿಕಾರಿಯು ಯಾವುದೇ ಯುರೋಪಿಯನ್ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಕೊಡಬಹುದಿತ್ತು. ಬೇಡವೆನಿಸಿದವರಿಗೆ ಅವರಿಗೆ ಬಾರದ ಭಾಷೆಯನ್ನೇ ಆರಿಸಿ ಕೊಡುತ್ತಿದ್ದರು. ನಮ್ಮವರಂಥ ಏಷ್ಯಾದವರನ್ನು ಹೊರಗಿಡುವುದೇ ಅದರ ಉದ್ದೇಶವಾಗಿತ್ತು. 1934ರಲ್ಲಿ ಎಗೊನ್ ಕಿಶ್ ಎಂಬ ಪತ್ರಕರ್ತ ಇಳಿಯಲು ಬಂದಾಗ, ಹಲವು ಭಾಷೆ ಬಲ್ಲ ಆತನನ್ನು ಕೆಡವಲು ಸ್ಕಾಟಿಷ್ ಗೇಲಿಕ್‌ನಲ್ಲಿ ಪರೀಕ್ಷೆ ಕೊಟ್ಟರು. ಕಾಯ್ದೆಯ ಅರ್ಥದಲ್ಲಿ ಅದು ಯುರೋಪಿಯನ್ ಭಾಷೆಯೇ ಅಲ್ಲವೆಂದು ಇಲ್ಲಿನ ಹೈಕೋರ್ಟ್ ಹೇಳಿತು. ಆ ಪರೀಕ್ಷೆ 1958ರಲ್ಲಿ ರದ್ದಾಯಿತು. "ನನಗೂ ಗೇಲಿಕ್ ಬರುವುದಿಲ್ಲ, ಆಗ ಬಂದಿದ್ದರೂ ನಾನು ಫೇಲು" ಎಂದು ಅವರು ಅವಲಕ್ಕಿಗೆ ಇನ್ನಷ್ಟು ನಿಂಬೆಹಣ್ಣು ಹಿಂಡಿಕೊಂಡರು. ಇಂದಿನದು ಆ ಪರೀಕ್ಷೆಯ ಮುಂದುವರಿಕೆ ಎಂದರೆ ಅತಿಯಾಗುತ್ತದೆ. ಇಂದು ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಬಗೆಯದು, ಅಭ್ಯಾಸ ಮಾಡಿದವರಿಗೆ ದಕ್ಕುತ್ತದೆ.

ಜುಲೈನಲ್ಲಿ ಅವರು ಮತ್ತೆ ಐಇಎಲ್‌ಟಿಎಸ್ ಬರೆದರು. ಬರವಣಿಗೆಯಲ್ಲಿ 7.5 ಬಂತು, ಉಳಿದವೆಲ್ಲ 8ಕ್ಕಿಂತ ಮೇಲೆ. ಹತ್ತು ಅಂಕ ಸೇರಿ ಒಟ್ಟು ಸರಿಯಾಗಿ 65. ಆದರೆ 65 ಎಂಬುದು ಸಾಲಿನಲ್ಲಿ ನಿಲ್ಲಲು ಬೇಕಾದದ್ದು, ಆಹ್ವಾನ ಬರುವುದು ಹೆಚ್ಚು ಅಂಕ ಇದ್ದವರಿಗೆ ಮೊದಲು. ಅತ್ತ 45 ವರ್ಷ ತುಂಬುವುದರೊಳಗೆ ಆಹ್ವಾನ ಬರಬೇಕು, ಇತ್ತ ಪರೀಕ್ಷೆಯ ಫಲಿತಾಂಶಕ್ಕೆ ಮೂರು ವರ್ಷವಷ್ಟೇ ಆಯುಸ್ಸು. ಆದ್ದರಿಂದ ಸುಪೀರಿಯರ್‌ನ ಆಸೆಗೆ ಈಗ ಪಿಟಿಇಗೆ ಹೆಸರು ಕೊಟ್ಟಿದ್ದಾರೆ. ಅಲ್ಲಿಯೂ 2025ರ ಆಗಸ್ಟ್ 7ರಿಂದ ಲೆಕ್ಕ ಬದಲಾಗಿದೆ: ಮೊದಲು ನಾಲ್ಕರಲ್ಲೂ 79 ಸಾಕಿತ್ತು, ಈಗ ಓದುವುದಕ್ಕೆ 70 ಸಾಕು, ಮಾತಿಗೆ ಮಾತ್ರ 90ಕ್ಕೆ 88 ಬೇಕು.

ಹಾಗಾಗಿ ನಮ್ಮ ಶನಿವಾರಗಳು ಇನ್ನೂ ಮುಗಿದಿಲ್ಲ. ಮೊನ್ನೆ ಚಿತ್ರ ವಿವರಿಸುವ ಪ್ರಶ್ನೆಯನ್ನು ಅಭ್ಯಾಸ ಮಾಡಿಸಿದೆ; ನೋಡಲು 25 ಸೆಕೆಂಡು, ಹೇಳಲು 40. ನೀರಿನ ಬಿಲ್ಲಿನ ಹಿಂಬದಿಯಲ್ಲಿದ್ದ ಬಳಕೆಯ ಕಂಬನಕ್ಷೆಯನ್ನು ಅವರ ಮುಂದಿಟ್ಟು, ಫೋನಿನ ಟೈಮರ್ ಒತ್ತಿದೆ. ಬೇಸಿಗೆಯಲ್ಲಿ ಬಳಕೆ ಏರಿದೆ ಎಂದು ಶುರುಮಾಡಿ, ಜನವರಿಯ ಎತ್ತರದ ಕಂಬದ ಬಳಿ ಬಂದು ನಿಂತರು. ನಮ್ಮ ಹಿತ್ತಲಿನ ಕರಿಬೇವಿನ ಕುಂಡಗಳ ಕಡೆ ಒಮ್ಮೆ ನೋಡಿದರು, ಮತ್ತೆ ಬಿಲ್ಲನ್ನು ನೋಡಿದರು. "ಇಷ್ಟು ನೀರನ್ನು ಏನು ಮಾಡಿದಿರಿ?" ಎಂದು ಕೇಳಿದರು. ಮೂರು ಸೆಕೆಂಡು ಸುಮ್ಮನಿದ್ದರೆ ಪಿಟಿಇಯಲ್ಲಿ ಮೈಕ್ ಮುಚ್ಚಿಕೊಳ್ಳುತ್ತದೆಂದು ನೆನಪಿಸಿ, ಟೈಮರನ್ನು ಮತ್ತೆ ಸೊನ್ನೆಗೆ ತಂದೆ.