ಬಚ್ಚಲ ಮೂಲೆಯ ಜೇಡ ಮತ್ತು ಇತರರು

ಜೇಡ ನೋಡೋಕೆ ಯಾವ ಕಾಡಿಗೆ ಹೋಗ್ತೀರಿ ಅಂತ ಜನ ಆಗಾಗ ಕೇಳುತ್ತಾರೆ. ಬಚ್ಚಲಿಗೆ ಅಂದರೆ ತಮಾಷೆ ಅಂದುಕೊಳ್ಳುತ್ತಾರೆ. ತಮಾಷೆ ಅಲ್ಲ, ಬೆಳಿಗ್ಗೆ ಹಲ್ಲುಜ್ಜುವ ಹೊತ್ತು ನನ್ನ ಮಟ್ಟಿಗೆ ಜೇಡ ನೋಡುವ ಹೊತ್ತೂ ಹೌದು.

ಅಲ್ಲಿ ಚಾವಣಿಯ ಮೂಲೆಯಲ್ಲಿ ತಲೆಕೆಳಗಾಗಿ ನೇತಾಡುವ ಉದ್ದ ಕಾಲಿನ ಜೇಡ ಇದೆಯಲ್ಲ, ಅದು ಫೋಲ್ಸಿಡೇ ಕುಟುಂಬದ್ದು. ಮೈ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಉಳಿದದ್ದೆಲ್ಲ ಕಾಲು. ಮೆಲ್ಲಗೆ ಊದಿ ನೋಡಿ. ಬಲೆ ಹಿಡಿದುಕೊಂಡೇ ಮೈಯನ್ನು ಗಿರಗಿರ ಅಂತ ಎಷ್ಟು ಜೋರಾಗಿ ಕುಣಿಸುತ್ತದೆ ಅಂದರೆ, ಜೇಡ ಮಾಯವಾಗಿ ಅಲ್ಲೊಂದು ಮಸುಕು ಮಾತ್ರ ಉಳಿಯುತ್ತದೆ. ಹೆಣ್ಣಾದರೆ ಕೆಲವೊಮ್ಮೆ ಬಾಯಲ್ಲಿ ಮೊಟ್ಟೆಗಳ ಗೊಂಚಲು ಕಚ್ಚಿಕೊಂಡಿರುತ್ತದೆ. ಬೇರೆ ಜೇಡಗಳ ಹಾಗೆ ದಪ್ಪ ಚೀಲವೇನೂ ಹೊಲಿದಿರುವುದಿಲ್ಲ. ನಾಲ್ಕಾರು ಎಳೆ ಸುತ್ತಿ, ಒಂದೊಂದು ಮೊಟ್ಟೆಯೂ ಬಿಡಿಬಿಡಿಯಾಗಿ ಕಾಣುವ ಹಾಗೆ ಹಿಡಿದಿರುತ್ತದೆ. ಮರಿ ಒಡೆಯುವವರೆಗೂ ಬಿಡುವುದಿಲ್ಲ. ನೋಡೋಕೆ ಇಷ್ಟು ಬಡಕಲು, ಆದರೆ ತನಗಿಂತ ದಷ್ಟಪುಷ್ಟ ಜೇಡಗಳನ್ನೂ ದೂರದಿಂದಲೇ ನೂಲು ಎಸೆದು ಕಟ್ಟಿಹಾಕಿ ತಿನ್ನುತ್ತದೆ. ಆ ಉದ್ದ ಕಾಲುಗಳು ಕೆಲಸಕ್ಕೆ ಬರುವುದೇ ಆಗ.

ಇನ್ನು ನನ್ನ ಮೇಜಿನ ಮೇಲಿನ ಹಾರುವ ಜೇಡ. ನಿಜ ಹೇಳಬೇಕೆಂದರೆ ನನಗೆ ಇದರ ಮೇಲೆ ಪಕ್ಷಪಾತ ಇದೆ. ಉಳಿದ ಜೇಡಗಳನ್ನು ನಾವು ನೋಡುತ್ತೇವೆ, ಇದು ನಮ್ಮನ್ನು ನೋಡುತ್ತದೆ. ಬೆರಳು ಆಡಿಸಿದರೆ ಇಡೀ ಮೈ ತಿರುಗಿಸಿ ಎದುರಿಗೆ ನಿಲ್ಲುತ್ತದೆ. ಕಂಪ್ಯೂಟರ್ ಪರದೆ ಹತ್ತಿದರೆ ಮೌಸ್‌ನ ಬಾಣದ ಗುರುತನ್ನು ಅಟ್ಟಿಸಿಕೊಂಡು ಹೋಗುತ್ತದೆ. ಕೆಲಸ ಕೆಟ್ಟಿತು ಅನ್ನಿ.

ಎಂಟು ಕಣ್ಣಿನಲ್ಲಿ ಮುಂದಿನ ಎರಡು ತುಂಬ ದೊಡ್ಡವು. ಭೂತಗನ್ನಡಿ ಹಿಡಿದು ಅವನ್ನು ಸುಮ್ನೆ ನೋಡುತ್ತಿರಿ. ಕಣ್ಣಿನ ಲೆನ್ಸ್ ಅಲ್ಲಾಡುವುದಿಲ್ಲ, ಅದು ತಲೆಗೆ ಅಂಟಿಕೊಂಡ ಗಾಜು ಇದ್ದ ಹಾಗೆ. ಒಳಗೆ ಒಂದು ಉದ್ದನೆಯ ಕೊಳವೆ, ಅದರ ತುದಿಯಲ್ಲಿ ರೆಟಿನಾ. ಜೇಡ ಅಲುಗಾಡದೆ ಕೂತಿದ್ದರೂ ಸ್ನಾಯುಗಳು ಆ ಕೊಳವೆಯನ್ನು ಅತ್ತಿತ್ತ ತಿರುಗಿಸುತ್ತಿರುತ್ತವೆ. ತಿಳಿ ಬಣ್ಣದ ಜೇಡ ಸಿಕ್ಕರೆ ಇದು ಹೊರಗಿನಿಂದಲೇ ಕಾಣುತ್ತದೆ. ಕಣ್ಣು ಈಗ ಕಪ್ಪು, ಮರುಗಳಿಗೆ ತಿಳಿ, ಮತ್ತೆ ಕಪ್ಪು. ಅದು ನನ್ನ ಮುಖದ ಮೇಲೆ ಕಣ್ಣಾಡಿಸುತ್ತಿದೆ ಅಂತ ಗೊತ್ತಾದ ಮೇಲೆ ಸ್ವಲ್ಪ ಸಂಕೋಚವೂ ಆಗುತ್ತದೆ.

ಹಾರುವ ಮೊದಲು ನಿಂತ ಜಾಗಕ್ಕೆ ಒಂದು ಎಳೆ ಅಂಟಿಸುತ್ತದೆ. ಗುರಿ ತಪ್ಪಿದರೆ ಆ ಎಳೆ ಹಿಡಿದು ವಾಪಸ್. ಹಾರುವುದಕ್ಕೆ ಮಿಡತೆಯ ಹಾಗೆ ದಪ್ಪ ತೊಡೆ ಇಲ್ಲ. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯು ಇದೆ, ಚಾಚುವ ಸ್ನಾಯು ಇಲ್ಲ. ಮೈಯೊಳಗಿನ ದ್ರವವನ್ನು ಒತ್ತಿ ಕಾಲಿಗೆ ನುಗ್ಗಿಸಿದಾಗ ಕಾಲು ಚಾಚುತ್ತದೆ. ಒಮ್ಮೆಲೇ ಒತ್ತಿದರೆ ಜಿಗಿತ. ಸತ್ತ ಜೇಡದ ಕಾಲೆಲ್ಲ ಒಳಕ್ಕೆ ಮುದುಡಿಕೊಂಡಿರುವುದೂ ಇದೇ ಕಾರಣಕ್ಕೆ, ಒತ್ತಡ ಹೋಯಿತು ಅಷ್ಟೆ. ಮೂಲೆಯಲ್ಲಿ ಕಾಲು ಹರಡಿಕೊಂಡ ಟೊಳ್ಳು ಜೇಡ ಸಿಕ್ಕಿದರೆ ಅದು ಹೆಣ ಅಲ್ಲ, ಕಳಚಿಟ್ಟ ಪೊರೆ. ತಲೆಯ ಭಾಗ ಮುಚ್ಚಳದ ಹಾಗೆ ತೆರೆದುಕೊಂಡಿದೆಯಾ ನೋಡಿ.

ಇದು ಯಾವ ಜಾತಿ ಅಂತ ಕೇಳಿದರೆ ಮಾತ್ರ ನಾನು ‘ಪ್ಲೆಕ್ಸಿಪಸ್ ಇರಬಹುದು’ ಎಂದು ಹೇಳಿ ಜಾರಿಕೊಳ್ಳುತ್ತೇನೆ. 2022ರಲ್ಲಿ ಜಗತ್ತಿನಲ್ಲಿ ಹೆಸರಿಟ್ಟ ಜೇಡಗಳ ಲೆಕ್ಕ 50,000 ದಾಟಿತು. ಎಷ್ಟೋ ಜಾತಿಗಳನ್ನು ಖಚಿತವಾಗಿ ಹೇಳಬೇಕಾದರೆ ಬೆಳೆದ ಜೇಡದ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮೊಬೈಲ್ ಫೋಟೋ ನೋಡಿ ಪಟಪಟ ಅಂತ ಹೆಸರು ಹೇಳುವವರನ್ನು ಕಂಡರೆ ನನಗೆ ಅನುಮಾನ. ಹೆಸರು ನಿಧಾನವಾಗಿ ಬರಲಿ, ಅಲ್ವಾ? ಅದು ಏನು ಮಾಡುತ್ತಿದೆ ಅಂತ ನೋಡೋಕೆ ಹೆಸರು ಬೇಕಿಲ್ಲ.

‘ರೀ, ಬನ್ನಿ ಇಲ್ಲಿ. ನಿಮ್ಮ ನೆಂಟರು ಬಂದಿದ್ದಾರೆ.’

ಅಡುಗೆಮನೆಯಿಂದ ಹೀಗೆ ಕೂಗು ಬಂದರೆ ಅದು ಹಂಟ್ಸ್‌ಮನ್ ಜೇಡ ಅಂತ ಲೆಕ್ಕ. ಕಾಲು ಸೇರಿಸಿದರೆ ಅಂಗೈ ಅಗಲ, ಚಪ್ಪಟೆ ಮೈ, ಏಡಿಯ ಹಾಗೆ ಪಕ್ಕಕ್ಕೂ ಓಡುತ್ತದೆ. ಬಲೆ ನೇಯುವುದಿಲ್ಲ, ರಾತ್ರಿ ಓಡಾಡಿ ಜಿರಲೆ ಹಿಡಿಯುತ್ತದೆ. ಹೆಂಡತಿಗೆ ಜಿರಲೆಯೂ ಆಗದು, ಇದೂ ಆಗದು. ಕೊನೆಗೆ ಒಂದು ಒಪ್ಪಂದವಾಗಿದೆ: ಗ್ಯಾಸ್ ಸಿಲಿಂಡರ್ ಹಿಂದೆ ಇದ್ದರೆ ಇರಲಿ, ಕಟ್ಟೆ ಮೇಲೆ ಬಂದರೆ ಹೊರಗೆ. ದೊಡ್ಡ ಡಬ್ಬಿ ಬೋರಲು ಹಾಕಿ, ಕೆಳಗೆ ದಪ್ಪ ಕಾಗದ ತೂರಿಸಿ ಎತ್ತಿಕೊಂಡು ಹೋಗುತ್ತೇನೆ. ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆ ಹಿಡಿದುಕೊಂಡಿದ್ದರೆ ಅದು ಮೊಟ್ಟೆ ಚೀಲ, ಆಗ ಮುಟ್ಟುವುದಿಲ್ಲ. ಒಳಗೆ ನೂರಾರು ಮೊಟ್ಟೆ ಇರಬಹುದು ಅನ್ನುವುದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ. ಕಚ್ಚುತ್ತದಾ ಅಂತ ಕೇಳುವವರಿಗೆ: ಹಿಸುಕಿದರೆ ಕಚ್ಚುತ್ತದೆ, ನೋವಾಗುತ್ತದೆ, ಹಿಸುಕಬೇಡಿ.

ಸಂಜೆ ಗೇಟಿನ ದೀಪದ ಹತ್ತಿರ ಗುಂಡನೆಯ ಬಲೆ ನೇಯುವವಳು ಬರುತ್ತಾಳೆ. ನೇಯ್ಗೆಯನ್ನು ಪೂರ್ತಿ ನೋಡಬೇಕು ಅಂದರೆ ಕುರ್ಚಿ ತಗೊಂಡು ಹೋಗಿ. ಮೊದಲು ನಡುವಿನಿಂದ ಹೊರಕ್ಕೆ ಹೋಗುವ ಎಳೆಗಳು, ಅವು ಅಂಟುವುದಿಲ್ಲ. ಆಮೇಲೆ ಒಳಗಿನಿಂದ ಹೊರಕ್ಕೆ ಅಗಲವಾಗಿ ಒಂದು ಸುತ್ತು, ಅದು ಬರೀ ಅಟ್ಟಣಿಗೆ. ಕೊನೆಗೆ ಹೊರಗಿನಿಂದ ಒಳಕ್ಕೆ ಒತ್ತಾಗಿ ಅಂಟಿನ ಎಳೆ ಸುತ್ತುತ್ತಾ, ಹಳೆಯ ಅಟ್ಟಣಿಗೆಯನ್ನು ಕತ್ತರಿಸುತ್ತಾ ಬರುತ್ತಾಳೆ. ಕಾಲಿನಿಂದ ಅಳತೆ ನೋಡಿ, ಎಳೆ ಒತ್ತಿ, ಮುಂದಕ್ಕೆ. ಬೆಳಗಾಗುವಷ್ಟರಲ್ಲಿ ಬಲೆಯನ್ನೆಲ್ಲ ಸುತ್ತಿ ತಿಂದುಬಿಡುತ್ತಾಳೆ. ಆ ನೂಲು ಮತ್ತೆ ಹೊಸ ನೂಲಾಗುತ್ತದೆ.

ಅದೇ ಕುರ್ಚಿಯಲ್ಲಿ ಕೂತಾಗ ಇನ್ನೊಂದು ಕೆಲಸ ಮಾಡಬಹುದು. ಟಾರ್ಚನ್ನು ಕೈಯಲ್ಲಿ ಕೆಳಗೆ ಹಿಡಿಯದೆ, ಕಣ್ಣಿನ ಪಕ್ಕಕ್ಕೇ ಹಿಡಿದು ಹುಲ್ಲಿನ ಮೇಲೆ ಬೆಳಕು ಬಿಡಿ. ಇಬ್ಬನಿ ಅನ್ನಿಸುವ ಹೊಳಪುಗಳಲ್ಲಿ ಕೆಲವು ತೋಳ ಜೇಡದ ಕಣ್ಣು. ಟಾರ್ಚ್ ಕೆಳಗಿಳಿಸಿದರೆ ಆ ಹೊಳಪು ಹೋಗುತ್ತದೆ, ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗುವುದರಿಂದ ಹೀಗೆ. ತಾಯಿ ಜೇಡವಾದರೆ ಬೆನ್ನ ತುಂಬ ಮರಿ ಹೊತ್ತಿರಬಹುದು. ಆಗ ಹುಲ್ಲು ಕಡ್ಡಿಯಿಂದ ಕೆಣಕಬೇಡಿ, ಮರಿಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ.

ಈ ವಾರ ಪೂರ್ತಿ ನನ್ನ ತಲೆ ತಿಂದದ್ದು ಮಾತ್ರ ಇರುವೆ ವೇಷದ ಜೇಡ. ಮಾವಿನ ಗಿಡದ ಎಲೆ ಮೇಲೆ ಇರುವೆಗಳ ನಡುವೆ ಓಡಾಡುತ್ತಿತ್ತು. ಮೈಗೆ ಸೊಂಟ, ಕಪ್ಪು ಬಣ್ಣ, ಅದೇ ಗಡಿಬಿಡಿ. ಮುಂದಿನ ಎರಡು ಕಾಲು ಮೇಲೆತ್ತಿ ಮೀಸೆಯ ಹಾಗೆ ಆಡಿಸುತ್ತದೆ, ಅಲ್ಲಿಗೆ ನೆಲಕ್ಕೆ ಉಳಿಯುವುದು ಆರೇ ಕಾಲು. ಗಂಡಿಗೆ ಮುಂದಕ್ಕೆ ಚಾಚಿದ ಎಷ್ಟು ದೊಡ್ಡ ದವಡೆ ಇರುತ್ತದೆ ಅಂದರೆ, ಇರುವೆಯೊಂದು ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಹೋಗುತ್ತಿದೆ ಅನ್ನಿಸುತ್ತದೆ. ಅನುಮಾನ ಬಂದರೆ ಎಲೆಯನ್ನು ಮೆಲ್ಲಗೆ ತಟ್ಟಿ. ಇರುವೆಯಾದರೆ ಬಿದ್ದು ಹೋಗುತ್ತದೆ, ಇಲ್ಲವೇ ಎಲೆಯನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇದು ನೂಲು ಬಿಟ್ಟುಕೊಂಡು ನೇತಾಡುತ್ತದೆ, ಆಮೇಲೆ ಅದೇ ನೂಲು ಹತ್ತಿ ಮತ್ತೆ ಇರುವೆಗಳ ಗುಂಪಿಗೆ ಸೇರಿಕೊಳ್ಳುತ್ತದೆ.