ಗುರ್ ಅನ್ನುವುದನ್ನು ಬಿಡಿಸಿದ್ದೆ

"ಸರ್, ಸೋನು ಈಗ ಗುರ್ ಅನ್ನೋದೇ ಬಿಟ್ಟದ ನೋಡ್ರಿ. ಭಾಳ ಛಲೋ ಆಯ್ತು."

ಸೇಡಂ ರಸ್ತೆ ಕಡೆಯ ಒಂದು ಮನೆಯ ಅಕ್ಕ ಫೋನ್ ಮಾಡಿ ಹೀಗೆ ಹೇಳಿದ ದಿನ ನನಗೆ ತುಂಬಾ ಖುಷಿಯಾಗಿತ್ತು. ಮೂರು ವಾರ ಕಳೆದ ಮೇಲೆ ಅದೇ ನಂಬರಿನಿಂದ ಮತ್ತೆ ಫೋನ್ ಬಂತು. ಆರು ವರ್ಷದ ಮಗಳ ಕೈಗೆ ಅವರ ನಾಯಿ ಸೋನು ಕಚ್ಚಿತ್ತು.

ಕಲಬುರಗಿಯಲ್ಲಿ ಮನೆ ಮನೆಗೆ ಹೋಗಿ ನಾಯಿಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ನನ್ನನ್ನು ಕರೆಯುವ ಮನೆಗಳಲ್ಲಿ ಜಾಸ್ತಿ ಇರುವುದು ಸಣ್ಣ ನಾಯಿಗಳೇ. ಪೊಮೇರಿಯನ್, ಶಿಟ್ಜು, ಪಗ್. ಸೋನು ಪೊಮೇರಿಯನ್, ನಾಲ್ಕು ವರ್ಷ. ಎತ್ತಿಕೊಳ್ಳಲು ಹೋದರೆ ಗುರ್ ಅನ್ನುತ್ತದೆ ಎಂದು ಮನೆಯವರು ನನ್ನನ್ನು ಕರೆದಿದ್ದರು. ನಾನು ಮಾಡಿದ್ದು ಇಷ್ಟೇ: ಒಂದು ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಹಾಕಿ ಕೊಟ್ಟೆ. ಗುರ್ ಅಂದ ಕೂಡಲೇ ಡಬ್ಬಿ ಅಲ್ಲಾಡಿಸಿ ಜೋರಾಗಿ ಗದರಿಸಿ ಅಂದೆ. ನನಗೆ ಕೆಲಸ ಕಲಿಸಿದವರು ಹಾಗೇ ಕಲಿಸಿದ್ದರು. ಹತ್ತು ದಿನದಲ್ಲಿ ನಾಯಿ ಸುಮ್ಮನಾಯಿತು. ನಾನು ದುಡ್ಡು ತೆಗೆದುಕೊಂಡು ಬಂದೆ.

ಎರಡನೇ ಸಲ ಆ ಮನೆಗೆ ಹೋದಾಗ ಮಗುವಿನ ಅಂಗೈ ಹಿಂದೆ ಎರಡು ಹಲ್ಲಿನ ಗಾಯ ಇತ್ತು. ಅವರು ನಲ್ಲಿ ಕೆಳಗೆ ಸೋಪು ಹಚ್ಚಿ ತೊಳೆದು, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದ್ದರು. ಅದು ಸರಿಯಾದ ಕೆಲಸ. ಸಾಕಿದ ನಾಯಿ, ಲಸಿಕೆ ಆಗಿದೆ ಅಂತ ಯಾರೂ ಸುಮ್ಮನಿರಬಾರದು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು, ಆಮೇಲೆ ಡಾಕ್ಟರ ಹತ್ತಿರ ಹೋಗಬೇಕು. ಅರಿಶಿನ, ಖಾರದ ಪುಡಿ ಹಾಕುವುದು ನಮ್ಮ ಕಡೆ ಇನ್ನೂ ಇದೆ. ಅದನ್ನು ದಯವಿಟ್ಟು ಮಾಡಬೇಡಿ.

ಮಗುವಿನ ತಾಯಿ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಅವರು ಹೇಳಿದ್ದು ಒಂದೇ ಮಾತು. "ಸರ್, ಅದು ಏನೂ ಅನ್ಲಿಲ್ರಿ. ಸುಮ್ನ ಕುಂತಿತ್ತು. ಒಮ್ಮೆಲೇ ಕಚ್ಚಿತು."

ಏನೂ ಅನ್ನದ ಹಾಗೆ ಕಲಿಸಿದ್ದು ನಾನೇ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾಯಿ ಕಚ್ಚುವುದಕ್ಕೆ ಮೊದಲು ತುಂಬಾ ಹೇಳುತ್ತದೆ. ಮುಖ ಆಚೆ ತಿರುಗಿಸುತ್ತದೆ. ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ. ನಿದ್ದೆ ಇಲ್ಲದಿದ್ದರೂ ಆಕಳಿಸುತ್ತದೆ. ಕಣ್ಣಿನ ಬಿಳಿ ಭಾಗ ಕಾಣುವ ಹಾಗೆ ಓರೆಯಾಗಿ ನೋಡುತ್ತದೆ. ಮೈ ಬಿಗಿ ಹಿಡಿಯುತ್ತದೆ. ಇಷ್ಟಕ್ಕೂ ನಾವು ಹಿಂದೆ ಸರಿಯದಿದ್ದರೆ ಗುರ್ ಅನ್ನುತ್ತದೆ. ಆಗಲೂ ಬಿಡದಿದ್ದರೆ ಗಾಳಿಯಲ್ಲಿ ಬಾಯಿ ಹಾಕುತ್ತದೆ. ಹಲ್ಲು ತಾಗುವುದು ಕೊನೆಗೆ. ಗದರಿಸಿದಾಗ ನಾಯಿಯ ಹೆದರಿಕೆ ಕಡಿಮೆ ಆಗುವುದಿಲ್ಲ, ದನಿ ಮಾತ್ರ ನಿಲ್ಲುತ್ತದೆ. ಜೊತೆಗೆ ಕೈ ಹತ್ತಿರ ಬಂದಾಗಲೆಲ್ಲ ಡಬ್ಬಿ ಸದ್ದು ಕೇಳಿದರೆ, ಆ ಕೈ ಮೇಲಿನ ಹೆದರಿಕೆ ಇನ್ನೂ ಜಾಸ್ತಿ ಆಗುತ್ತದೆ.

ಸಣ್ಣ ನಾಯಿಗಳ ಕಷ್ಟ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಮುಧೋಳ ನಾಯಿ ಗುರ್ ಅಂದರೆ ಎಂಥವರೂ ಎರಡು ಹೆಜ್ಜೆ ಹಿಂದೆ ಹೋಗುತ್ತಾರೆ. ಪೊಮೇರಿಯನ್ ಗುರ್ ಅಂದರೆ ನಗುತ್ತಾರೆ, ವಿಡಿಯೋ ಮಾಡುತ್ತಾರೆ, ಹೇಗೂ ಎತ್ತಿಕೊಳ್ಳುತ್ತಾರೆ. ದಿನಕ್ಕೆ ಎಷ್ಟು ಸಲ ಅದರ ಕಾಲು ನೆಲ ಬಿಡುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ನೆಂಟರು ಬಂದರೆ ಎತ್ತುತ್ತಾರೆ, ಕಸ ಹೊಡೆಯುವಾಗ ಎತ್ತುತ್ತಾರೆ, ಫೋಟೋಕ್ಕೆ ಎತ್ತುತ್ತಾರೆ. ಅದನ್ನು ಯಾರೂ ಕೇಳುವುದಿಲ್ಲ, ಅಲ್ವಾ?

ಸೋನು ಯಾಕೆ ಗುರ್ ಅನ್ನುತ್ತಿತ್ತು ಎಂಬ ಪ್ರಶ್ನೆಯನ್ನು ನಾನು ಮೊದಲ ದಿನ ಕೇಳಿರಲೇ ಇಲ್ಲ. ಈ ಸಲ ಎರಡು ತಾಸು ಅವರ ಮನೆಯ ಪಡಸಾಲೆಯಲ್ಲಿ ಸುಮ್ನೆ ಕೂತು ನೋಡಿದೆ. ಓಡುವಾಗ ಸೋನು ಒಂದು ಹಿಂಗಾಲು ಎತ್ತಿ ಎರಡು ಮೂರು ಹೆಜ್ಜೆ ಕುಂಟುತ್ತಿತ್ತು, ಆಮೇಲೆ ಸರಿಯಾಗಿ ಓಡುತ್ತಿತ್ತು. ಕೇಳಿದೆ. "ಅದಾ? ಅದು ಭಾಳ ದಿನದಿಂದ ಹಂಗೇ ಕುಣೀತದ್ರಿ, ಮಕ್ಳು ನೋಡಿ ನಗ್ತಾವ" ಅಂದರು ಆಯಿ, ಆ ಮನೆಯ ಅಜ್ಜಿ.

ಊರಿನ ಪಶುವೈದ್ಯರು ಕಾಲು ಮುಟ್ಟಿ ನೋಡಿ, ಬೀದರ್‌ಗೆ ಒಮ್ಮೆ ಹೋಗಿ ಬನ್ನಿ ಅಂದರು. ಬೀದರ್‌ನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಅಲ್ಲಿನ ಕಾಲೇಜಿಗೆ ಸೇರಿದ ಆಸ್ಪತ್ರೆಯೂ ಇದೆ. ಹುಮನಾಬಾದ್ ಹಾದು 100 ಕಿಲೋಮೀಟರಿಗೂ ಜಾಸ್ತಿ ದಾರಿ. ನಾನೂ ಜೊತೆಗೆ ಹೋದೆ. ಸೋನುಗೆ ಮೊಣಕಾಲಿನ ಚಿಪ್ಪು ಜಾಗ ಬಿಟ್ಟು ಜಾರುವ ತೊಂದರೆ ಇತ್ತು. ಪೊಮೇರಿಯನ್‌ನಂಥ ಸಣ್ಣ ತಳಿಗಳಲ್ಲಿ ಇದು ತುಂಬಾ ಕಾಣುತ್ತದೆ. 1ರಿಂದ 4ರವರೆಗೆ ಹಂತ ಹೇಳುತ್ತಾರೆ. ಸೋನುದು 2. ಆಪರೇಷನ್ ಈಗಲೇ ಬೇಡ, ತೂಕ ಇಳಿಸಿ, ನುಣುಪು ನೆಲದ ಮೇಲೆ ಓಡಿಸಬೇಡಿ, ಸೋಫಾದಿಂದ ಜಿಗಿಯಲು ಬಿಡಬೇಡಿ ಅಂದರು. ನೋವಿಗೆ ಔಷಧಿ ಬರೆದರು. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ: ನಮ್ಮ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಬೇಡಿ. ಐಬುಪ್ರೊಫೇನ್‌ನಂಥ ಮಾತ್ರೆಯಿಂದ ಅದರ ಹೊಟ್ಟೆ, ಕಿಡ್ನಿ ಎರಡೂ ಕೆಡುತ್ತವೆ.

ಮುಂಗಾಲಿನ ಕಂಕುಳಲ್ಲಿ ಕೈ ಹಾಕಿ, ಹಿಂಗಾಲು ಜೋತಾಡುವ ಹಾಗೆ ಆ ಹುಡುಗಿ ಸೋನುವನ್ನು ಎತ್ತುತ್ತಿದ್ದಳು. ಇಳಿಸುವಾಗ ಕಾಲು ನೆಲಕ್ಕೆ ಬಡಿಯುತ್ತಿತ್ತು. ಅಂದರೆ ನೋಯುತ್ತದೆ, ಬಿಡು ಅಂತ ಅದು ತಿಂಗಳುಗಟ್ಟಲೆ ಹೇಳುತ್ತಾ ಇತ್ತು.

ವಾಪಸ್ ಬರುವಾಗ ಕಾರಿನಲ್ಲಿ ಆ ಡಬ್ಬಿ ಮನೆಯಲ್ಲಿ ಇದ್ದರೆ ಒಗೆದುಬಿಡಿ ಅಂತ ಹೇಳಿದೆ. ತರಬೇತಿ ಮತ್ತೆ ಮೊದಲಿನಿಂದ ಶುರು ಮಾಡಿದೆವು. ಅದಕ್ಕೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ಮನೆ ತುಂಬಾ ಹೊಳಪು ಹಾಕಿದ ಶಹಾಬಾದ್ ಕಲ್ಲು. ಬೇಸಿಗೆಯಲ್ಲಿ ನಮಗೆ ತಂಪು, ಆದರೆ ನಾಯಿಯ ಕಾಲಿಗೆ ಹಿಡಿತ ಸಿಗುವುದಿಲ್ಲ. ಸೋನು ಓಡಾಡುವ ದಾರಿಯಲ್ಲೆಲ್ಲ ಹಳೆಯ ಜಮಖಾನ ಹಾಸಿದೆವು, ಅಂಗಾಲಿನ ಕೂದಲು ಕತ್ತರಿಸಿದೆವು. ಸೋಫಾ ಹತ್ತಿರ ಒಂದು ಗಟ್ಟಿ ಮೆಟ್ಟಿಲು ಇಟ್ಟೆವು. ಸೋನು ಆಗ 8 ಕೆಜಿ ಇತ್ತು. ಬಟ್ಟಲು ತುಂಬಾ ಹಾಲು ಅನ್ನ, ಮೇಲೆ ಬಿಸ್ಕತ್ತು ಹಾಕುವುದನ್ನು ನಿಲ್ಲಿಸಿ ಅಳತೆ ಮಾಡಿ ಹಾಕಲು ಶುರು ಮಾಡಿದರು. ಐದು ತಿಂಗಳಲ್ಲಿ ಆರೂವರೆಗೆ ಬಂತು.

ಆಮೇಲೆ ಕೈ ಕೆಲಸ. ಕೈ ಹತ್ತಿರ ಬಂದರೆ ಒಳ್ಳೆಯದು ಸಿಗುತ್ತದೆ ಅಂತ ಸೋನುಗೆ ಮತ್ತೆ ನಂಬಿಕೆ ಬರಬೇಕಿತ್ತು. ಮೊದಲು ಎರಡು ಅಡಿ ದೂರದಲ್ಲಿ ಕೈ ಚಾಚುವುದು, ತುಂಡು ಕೊಡುವುದು, ಕೈ ವಾಪಸ್. ಕೈ ಮೊದಲು, ತಿನಿಸು ಆಮೇಲೆ. ಈ ಕ್ರಮ ತಪ್ಪಿದರೆ ತಿನಿಸು ಕಂಡ ಕೂಡಲೇ ನಾಯಿಗೆ ಅನುಮಾನ ಬರುತ್ತದೆ. ನಾಲ್ಕು ದಿನದ ನಂತರ ಒಂದು ಅಡಿ. ಆಮೇಲೆ ಪಕ್ಕೆ ಮುಟ್ಟುವುದು. ಮುಖ ತಿರುಗಿಸಿದರೆ ಅಲ್ಲಿಗೇ ನಿಲ್ಲಿಸಿ ಹಿಂದಿನ ಹಂತಕ್ಕೆ. ಒಂದು ಸಲಕ್ಕೆ ಮೂರು ನಿಮಿಷ, ಬೆಳಿಗ್ಗೆ ಆರಕ್ಕೆ ಒಮ್ಮೆ, ಬಿಸಿಲು ಇಳಿದ ಮೇಲೆ ಒಮ್ಮೆ. ಆಗ ಏಪ್ರಿಲ್. ನಮ್ಮ ಊರಲ್ಲಿ 42 ಡಿಗ್ರಿ ದಾಟುವ ದಿನಗಳು. ಮಧ್ಯಾಹ್ನ ಉಣ್ಣೆಯಂಥ ಕೂದಲಿರುವ ನಾಯಿಗೆ ಏನೂ ಕಲಿಸಲು ಆಗುವುದಿಲ್ಲ, ಕಲಿಸಲೂಬಾರದು.

ತಿನಿಸು ಏನು ಕೊಡುವುದು ಅನ್ನುವುದೂ ಒಂದು ಪ್ರಶ್ನೆ. ಅವರದು ಮೊಟ್ಟೆಯನ್ನೂ ಒಳಗೆ ತರದ ಮನೆ. ಖಡಕ್ ರೊಟ್ಟಿಯ ಉಗುರಿನಷ್ಟು ಚೂರು, ಬೇಯಿಸಿದ ಗಜ್ಜರಿ, ಕೈ ಮುಟ್ಟುವ ಕಷ್ಟದ ಹಂತಕ್ಕೆ ಮಾತ್ರ ಪನೀರ್. ಹಿಂಡಿ ಹಚ್ಚಿದ ರೊಟ್ಟಿ ಬೇಡ, ಝುಣಕದ ತುಂಡು ಬೇಡ. ಅವುಗಳಲ್ಲಿರುವ ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಾಗೆಯೇ ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಅಪಾಯ. ಸಣ್ಣ ಮೈಗೆ ಸ್ವಲ್ಪವೂ ಜಾಸ್ತಿಯೇ.

ಕೊನೆಗೆ ಒಂದು ಮಾತು ಕಲಿಸಿದೆವು. ಎತ್ತುವ ಮೊದಲು "ಮ್ಯಾಲ?" ಅಂತ ಕೇಳುವುದು. ಒಂದು ಕೈ ಎದೆ ಕೆಳಗೆ, ಇನ್ನೊಂದು ಕೈ ಹಿಂಗಾಲಿನ ಕೆಳಗೆ. ಸೋನು ತಾನೇ ಮೈ ಹತ್ತಿರ ತಂದು ನಿಂತರೆ ಎತ್ತಬಹುದು. ಮುಖ ತಿರುಗಿಸಿದರೆ ಇಲ್ಲ. ಈ ಮಾತು ಎಲ್ಲರ ಬಾಯಲ್ಲೂ ಒಂದೇ ಇರಬೇಕು ಅಂತ ಹಟ ಮಾಡಿದೆ. ನಮ್ಮ ಊರಿನ ಮನೆಗಳಲ್ಲಿ ಇದು ಸುಲಭ ಇಲ್ಲ. ಅದೇ ಮನೆಯಲ್ಲಿ ಆಯಿ "ಕುಂದ್ರು" ಅನ್ನುತ್ತಿದ್ದರು, ಅಣ್ಣ "ಸಿಟ್" ಅನ್ನುತ್ತಿದ್ದರು, ಕಾರು ಓಡಿಸುವ ಚಾಚಾ "ಬೈಠ್" ಅನ್ನುತ್ತಿದ್ದರು. ಮೂರು ಭಾಷೆ ಕೇಳಿ ನಾಯಿ ಮೂವರ ಮುಖವನ್ನೂ ನೋಡುತ್ತಾ ನಿಲ್ಲುತ್ತಿತ್ತು. ಆಯಿಯ ಮಾತನ್ನೇ ಎಲ್ಲರೂ ಹಿಡಿದರು, ಯಾಕೆಂದರೆ ದಿನವಿಡೀ ಸೋನು ಜೊತೆ ಇರುವವರು ಅವರೇ.

ಈಗ ಯಾವ ಮನೆಯವರು ಗುರ್ ಅನ್ನುತ್ತದೆ ಅಂತ ಕರೆದರೂ ನಾನು ಮೊದಲು ಪಶುವೈದ್ಯರ ಚೀಟಿ ಕೇಳುತ್ತೇನೆ. ಕಿವಿ, ಹಲ್ಲು, ಕಾಲು, ಬೆನ್ನು ನೋಡಿಸಿದ ಮೇಲೆಯೇ ನನ್ನ ಕೆಲಸ. ಕೆಲವರು ಇಷ್ಟಕ್ಕೆಲ್ಲ ಡಾಕ್ಟರಾ ಅಂತ ಬೇರೆಯವರನ್ನು ಕರೆಸಿಕೊಳ್ಳುತ್ತಾರೆ. ಹೋಗಲಿ. ಚೀಟಿ ಇಲ್ಲದೆ ನಾನು ಶುರು ಮಾಡುವುದಿಲ್ಲ.

ಹೋದ ವಾರ ಆ ಕಡೆ ಹೋದಾಗ ಒಳಗೆ ಹೋಗಿ ಚಹಾ ಕುಡಿದು ಬಂದೆ. ಹುಡುಗಿ ಶಾಲೆಯಿಂದ ಬಂದು ಚೀಲ ಇಟ್ಟು ಜಮಖಾನದ ಮೇಲೆ ಕೂತಳು. "ಸೋನು, ಮ್ಯಾಲ?" ಅಂದಳು. ಸೋನು ಮುಖ ಆಚೆ ತಿರುಗಿಸಿತು. ಅವಳು ಚಾಚಿದ ಕೈಯನ್ನು ವಾಪಸ್ ತಗೊಂಡು ಮಡಿಲಲ್ಲಿ ಇಟ್ಟುಕೊಂಡಳು. ಯಾರೂ ನೆನಪು ಮಾಡಿಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೋನು ತಾನೇ ಬಂದು ಅವಳ ಮೊಣಕಾಲಿಗೆ ಗದ್ದ ಹಚ್ಚಿ ಮಲಗಿತು.