ಯಾರು ಡಿಲೀಟ್ ಮಾಡಿದ್ದು?

ಮಂಗಳವಾರದ ಆ ಕಾಲ್ ಇನ್ನೂ ತಲೆಯಿಂದ ಹೋಗಿಲ್ಲ. ಸರ್ವರ್‌ನ ರೂಟ್ ಪಾರ್ಟಿಶನ್ (ಸಿಸ್ಟಮ್ ಕೂತಿರುವ ಡಿಸ್ಕ್ ಭಾಗ) ಪೂರ್ತಿ ತುಂಬಿತ್ತು, ಡೇಟಾಬೇಸ್ ಬರೆಯುವುದನ್ನೇ ನಿಲ್ಲಿಸಿತ್ತು, ಗ್ರಾಹಕರ ಬಿಲ್ಲಿಂಗ್ ಕೌಂಟರ್ ಮುಂದೆ ಜನ ನಿಂತಿದ್ದರು. ಅಂಥ ಹೊತ್ತಿನಲ್ಲಿ, ಯಾರೋ ಏನೋ ಅಳಿಸಿ ಹೀಗಾಗಿದೆ ಅಂದುಕೊಂಡ ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆ, "ಯಾರು ಡಿಲೀಟ್ ಮಾಡಿದ್ದು?"

ಕಾಲ್‌ನಲ್ಲಿದ್ದವರೆಲ್ಲ ಗಪ್‌ಚುಪ್. ಆಮೇಲೆ ನೈಟ್ ಶಿಫ್ಟ್‌ನಲ್ಲಿದ್ದ ಗದಗ ಕಡೆಯ ಹುಡುಗಿ ಹೇಳಿದಳು, "ನಾನ ತೆಗದೀನ್ರಿ ಸರ. ಲಾಗ್ ಫೈಲ್ ಭಾಳ ದೊಡ್ಡದಿತ್ತು. ತೆಗದ್ರೂ ಜಾಗ ಬರವಲ್ದು."

ಎಷ್ಟು ಒಳ್ಳೆಯ ಉತ್ತರ ಅಲ್ವಾ? ಏನು ಮಾಡಿದೆ, ಯಾಕೆ ಮಾಡಿದೆ, ಏನಾಯಿತು, ಮೂರೂ ಅದರಲ್ಲೇ ಇವೆ. (ಲಾಗ್ ಅಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಬರೆದಿಡುತ್ತ ಹೋಗುವ ಫೈಲ್.)

40 ಜಿಬಿಯ ಪಾರ್ಟಿಶನ್ ಅದು. ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುವ ಡಿಎಫ್ ಕಮಾಂಡ್ ಶೇ. 100 ತುಂಬಿದೆ ಅನ್ನುತ್ತಿತ್ತು. ಫೋಲ್ಡರ್ ಗಾತ್ರ ಲೆಕ್ಕ ಹಾಕುವ ಡಿಯು ಹಾಕಿ ಫೋಲ್ಡರ್‌ಗಳನ್ನೆಲ್ಲ ಕೂಡಿಸಿದರೆ ಅರ್ಧವೂ ಆಗುತ್ತಿರಲಿಲ್ಲ. ಅವಳು ಆ ಮಾತು ಹೇಳದೇ ಇದ್ದಿದ್ದರೆ ನಾನು ಹಳೆಯ ಕರ್ನಲ್‌ಗಳು, ಡಾಕರ್ ಇಮೇಜ್‌ಗಳು, ಪ್ಯಾಕೇಜ್ ಕ್ಯಾಶ್, ಜರ್ನಲ್, ಐನೋಡ್ ಎಣಿಕೆ ಅಂತ ಒಂದೊಂದನ್ನೇ ಕೆದಕುತ್ತ ಕೂರುತ್ತಿದ್ದೆ. ಅವಳ ಮಾತು ಕೇಳಿದ ಕೂಡಲೇ ವಿಷಯ ಹೊಳೆಯಿತು. ಲಿನಕ್ಸ್‌ನಲ್ಲಿ ಫೈಲ್ ಅಳಿಸಿದರೆ ಹೋಗುವುದು ಅದರ ಹೆಸರು ಮಾತ್ರ. ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿದ್ದರೆ ಜಾಗ ವಾಪಸ್ ಬರುವುದಿಲ್ಲ. ಮನೆ ಮುಂದಿನ ಹೆಸರಿನ ಬೋರ್ಡ್ ಕಿತ್ತರೆ ಒಳಗಿರುವ ಬಾಡಿಗೆದಾರರು ಖಾಲಿ ಮಾಡಿದ ಹಾಗಾಗುತ್ತದೆಯೇ?

ತೆರೆದಿರುವ ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಓಎಫ್ ಕಮಾಂಡ್‌ಗೆ ಪ್ಲಸ್ ಎಲ್1 ಸೇರಿಸಿ ಕೊಟ್ಟರೆ, ಹೆಸರು ಹೋಗಿ ಇನ್ನೂ ತೆರೆದೇ ಇರುವ ಫೈಲ್‌ಗಳು ಕಾಣುತ್ತವೆ. ಇತ್ತು. ಒಂದು ಜಾವಾ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) 20 ಜಿಬಿಗೂ ಜಾಸ್ತಿ ಹಿಡಿದುಕೊಂಡು ಕೂತಿತ್ತು. ರೀಸ್ಟಾರ್ಟ್ ಮಾಡಿದ್ದರೂ ಜಾಗ ಬರುತ್ತಿತ್ತು, ಆದರೆ ಅದು ಮತ್ತೆ ಎದ್ದು ನಿಲ್ಲಲು ತುಂಬಾ ಹೊತ್ತು ಬೇಕು. ಹಾಗಾಗಿ ಓಡುತ್ತಿರುವ ಪ್ರೋಸೆಸ್‌ಗಳ ವಿವರ ಸಿಗುವ ಪ್ರೋಕ್ ಫೋಲ್ಡರ್ ಒಳಗೆ ಆ ಪ್ರೋಸೆಸ್‌ನ ಎಫ್‌ಡಿ (ತೆರೆದ ಫೈಲ್‌ನ ಸಂಖ್ಯೆ) ಹುಡುಕಿ, ಅದರ ಮೂಲಕವೇ ಫೈಲನ್ನು ಸೊನ್ನೆ ಮಾಡಿದೆವು. ಜಾಗ ತಕ್ಷಣ ಬಂತು. ಇಎಕ್ಸ್‌ಟಿ4 ಅನ್ನುವ ಲಿನಕ್ಸ್ ಫೈಲ್ ವ್ಯವಸ್ಥೆ ಸಾಮಾನ್ಯವಾಗಿ ಜಾಗದ ಶೇ. 5ರಷ್ಟನ್ನು ರೂಟ್ ಯೂಸರ್‌ಗೆ (ಪೂರ್ತಿ ಅಧಿಕಾರ ಇರುವ ಬಳಕೆದಾರನಿಗೆ) ಮೀಸಲಿಡುತ್ತದೆ. ಡಿಸ್ಕ್ ತುಂಬಿದ ಮೇಲೂ ಒಳಗೆ ಹೋಗಿ ಕೆಲಸ ಮಾಡಲು ಅದೂ ನೆರವಾಗುತ್ತದೆ.

ಆಮೇಲೆ ನೋಡಿದರೆ ಆ ಲಾಗ್ ಡಿಬಗ್ ಮಟ್ಟದಲ್ಲಿ, ಅಂದರೆ ಸಣ್ಣ ಸಣ್ಣ ವಿವರವನ್ನೂ ಬರೆಯುತ್ತ, ಓಡುತ್ತಿತ್ತು. ಹಿಂದೆ ಒಂದು ಪೇಮೆಂಟ್ ತೊಂದರೆ ಹುಡುಕಲು ಹಾಕಿದ್ದು, ಯಾರೂ ವಾಪಸ್ ಇಳಿಸಿರಲಿಲ್ಲ. ಹಳೆಯ ಲಾಗ್‌ಗಳನ್ನು ಆಗಾಗ ತಾನೇ ತೆಗೆದುಹಾಕುವ ಲಾಗ್‌ರೊಟೇಟ್‌ನಲ್ಲಿ ಆ ಫೈಲ್ ಸೇರಿರಲೇ ಇಲ್ಲ. ಡಿಸ್ಕ್ ಶೇ. 80 ದಾಟಿದಾಗ ಬರಬೇಕಾದ ಅಲರ್ಟ್, ಕೆಲಸ ಬಿಟ್ಟು ಹೋದವರ ಮೇಲ್‌ಗೆ ಹೋಗುತ್ತಿತ್ತು. ಇದರಲ್ಲಿ ಯಾವುದಕ್ಕೂ "ಯಾರು?" ಅನ್ನುವುದು ಉತ್ತರ ಆಗುವುದಿಲ್ಲ.

ಮ್ಯಾನೇಜರ್ ಕೆಟ್ಟವರೇನಲ್ಲ. ಅವರ ಮೇಲೂ ಒತ್ತಡ ಇರುತ್ತದೆ, ಗ್ರಾಹಕರ ಫೋನ್ ಅವರಿಗೇ ಬರುತ್ತದೆ. ಆದರೂ ಆ ದನಿ ನನಗೆ ಸಹಿಸಲು ಆಗುತ್ತಿಲ್ಲ. ಅದೇ ದನಿಯಲ್ಲಿ ಕೇಳಿದರೆ ಮುಂದಿನ ಸಲ ಆ ಹುಡುಗಿ ಬಾಯಿ ಬಿಡುತ್ತಾಳಾ? ಶಾಲೆಯಲ್ಲೂ ಮನೆಯಲ್ಲೂ ನಾವು ಹೀಗೇ ಬೆಳೆದವರು. ಲೋಟ ಬಿದ್ದ ಸದ್ದಿಗೆ "ಯಾರೋ ಅದು?" ಅಂತ ಮೊದಲು ಕೂಗುತ್ತಾರೆ, ಕಾಲಿಗೆ ಗಾಜು ಚುಚ್ಚಿತಾ ಅಂತ ಆಮೇಲೆ ಕೇಳುತ್ತಾರೆ. ರಾತ್ರಿ ಎರಡು ಗಂಟೆಗೆ ಒಬ್ಬಳೇ ಕೂತು ನಿರ್ಧಾರ ತೆಗೆದುಕೊಳ್ಳುವವಳಿಗೆ ಈ ಹೆದರಿಕೆಯ ಮೇಲೆ ಇನ್ನೊಂದು ಹೆದರಿಕೆ ಯಾಕೆ?

ನಮ್ಮ ವರದಿಯ ಫಾರ್ಮ್‌ನಲ್ಲಿ ಮೊದಲ ಕಾಲಂ "ಹೊಣೆಗಾರರು". ಅದನ್ನು ತೆಗೆದು, ಆ ಜಾಗದಲ್ಲಿ "ಮೊದಲು ತಿಳಿಸಿದವರು" ಅಂತ ಹಾಕಿ ಎಂದು ಮೇಲ್ ಕಳಿಸಿದ್ದೇನೆ. ಈ ಸಲದ ವರದಿಯಲ್ಲಿ ಅವಳ ಹೆಸರು ಅಲ್ಲಿ ಬರಬೇಕು.